ನಿಮಗಿದು ಗೊತ್ತೇ? ರಕ್ತ ಕ್ಯಾನ್ಸರಿನ ಜೀನ್ ಪರೀಕ್ಷೆ

ಬೆಂಗಳೂರಿನ ಸಾರಕ್ಕಿ ಸಿಗ್ನಲ್ ಆಸುಪಾಸಿನ ಲ್ಯಾಬಿನಲ್ಲಿ ಬೆಳಗ್ಗೆ ರಕ್ತ ಕೊಟ್ಟು ಸಂಜೆಗೆ ತರುವ, ರಕ್ತಕಣಗಳ ಎಣಿಕೆಯ ಸಿಬಿಸಿ ರಿಪೋರ್ಟೇ ಎಷ್ಟೋ ಸಲ ಅಕ್ಯೂಟ್ ಲ್ಯುಕೇಮಿಯಾದ ಮೊದಲ ಸುಳಿವು. ಬಿಳಿ ರಕ್ತಕಣ ವಿಪರೀತ ಏರಿರಬಹುದು, ಇಲ್ಲವೇ ಇಳಿದಿರಬಹುದು, ಪ್ಲೇಟ್‌ಲೆಟ್ ಕುಸಿದಿರುತ್ತದೆ. ಮಳೆಗಾಲವಾದರೆ ಮನೆಮಂದಿಯೆಲ್ಲ ಡೆಂಗಿ ಅಂದುಕೊಂಡುಬಿಡುತ್ತಾರೆ! ಗಾಜಿನ ಮೇಲೆ ಸವರಿದ ರಕ್ತದಲ್ಲಿ ‘ಬ್ಲಾಸ್ಟ್’ ಎಂಬ ಬಲಿಯದ ಕಣಗಳು ಕಂಡರೆ ಕಾಯಿಲೆಯ ಗುಮಾನಿ ಬಲವಾಗುತ್ತದೆ. ಅದು ಯಾವ ಬಗೆ, ಯಾವ ಮದ್ದಿಗೆ ಬಗ್ಗುತ್ತದೆ ಎಂದು ತಿಳಿಯಲು ಜೀನ್ ಪರೀಕ್ಷೆಯೂ ಬೇಕು.

ಅದಕ್ಕಾಗಿ ಮಾಡುವ ಬೋನ್ ಮ್ಯಾರೋ (ಮೂಳೆಮಜ್ಜೆ) ಟೆಸ್ಟ್ ಎಂದರೆ ಬೆನ್ನುಮೂಳೆಗೆ ಚುಚ್ಚುತ್ತಾರೆಂದು ಹೆದರುವವರೇ ಹೆಚ್ಚು. ಸಾಮಾನ್ಯವಾಗಿ ಮಜ್ಜೆ ತೆಗೆಯುವುದು ಸೊಂಟದ ಮೂಳೆಯ ಹಿಂಭಾಗದಿಂದ.

ಮಜ್ಜೆ ತುಂಬುವ ಕೊಳವೆಯ ಮುಚ್ಚಳದ ಬಣ್ಣಕ್ಕೂ ಅರ್ಥವಿದೆ. ಹಸಿರು ಮುಚ್ಚಳದ್ದರಲ್ಲಿ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುತ್ತದೆ. ಅದು ವರ್ಣತಂತು (ಕ್ರೋಮೋಸೋಮ್) ಎಣಿಸುವ ಕ್ಯಾರಿಯೋಟೈಪ್ ಪರೀಕ್ಷೆಗೆ. ನೇರಳೆಯದ್ದು ಜೀನ್ ತುಣುಕನ್ನು ನಕಲು ಮಾಡಿ ಹುಡುಕುವ ಪಿಸಿಆರ್‌ಗೆ. ಅದಲುಬದಲಾದರೆ ಕೆಲಸ ಕೆಡುತ್ತದೆ, ಏಕೆಂದರೆ ಹೆಪಾರಿನ್ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ.

ಕ್ಯಾರಿಯೋಟೈಪ್ ರಿಪೋರ್ಟ್ ತಡ ಯಾಕೆ? ಕಣಗಳು ಜೀವಂತವಾಗಿ ಲ್ಯಾಬ್ ತಲುಪಬೇಕು, ಅಲ್ಲಿ ವಿಭಜನೆಯಾಗಬೇಕು, ಸರಿಯಾಗಿ ನಡುಹಂತದಲ್ಲಿ ಅವನ್ನು ನಿಲ್ಲಿಸಬೇಕು. ಆಮೇಲೆ ಬಣ್ಣ ಹಾಕಿ ಸಾಮಾನ್ಯವಾಗಿ 20 ಕಣಗಳ ವರ್ಣತಂತುಗಳನ್ನು ಜೋಡಿಸಿ ನೋಡುತ್ತಾರೆ. ವಾರ ಹಿಡಿಯುತ್ತದೆ, ಕೆಲವೊಮ್ಮೆ ಎರಡು ವಾರ. ಇಂತಹದ್ದೇ ದೋಷ ಇದೆಯೇ ಎಂದು ಹೊಳೆಯುವ ಗುರುತು ಹಚ್ಚಿ ಹುಡುಕುವ ಫಿಶ್ ಪರೀಕ್ಷೆ ಕೆಲವೇ ದಿನಗಳಲ್ಲಿ ಉತ್ತರ ಕೊಡುತ್ತದೆ.

ಮನುಷ್ಯನ ವರ್ಣತಂತುಗಳು 46 ಎಂದು ಖಚಿತವಾದದ್ದು 1956ರಲ್ಲಿ. ಅಲ್ಲಿಯವರೆಗೆ ಪಠ್ಯಪುಸ್ತಕಗಳಲ್ಲಿ 48 ಎಂದೇ ಇತ್ತು.

ನಿಮ್ಹಾನ್ಸ್ ಪಕ್ಕದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶುರುವಾದದ್ದು 1973ರಲ್ಲಿ. ಅದೇ ವರ್ಷ ಶಿಕಾಗೋದ ವೈದ್ಯೆ ಜಾನೆಟ್ ರೌಲಿ, ಲ್ಯುಕೇಮಿಯಾ ಕಣಗಳಲ್ಲಿ ವರ್ಣತಂತುಗಳ ತುಂಡುಗಳು ಪರಸ್ಪರ ಸ್ಥಳ ಬದಲಿಸಿಕೊಂಡಿರುತ್ತವೆ ಎಂದು ಪ್ರಕಟಿಸಿದರು. ಅಕ್ಯೂಟ್ ಮೈಲಾಯ್ಡ್ ಬಗೆಯಲ್ಲಿ 8 ಮತ್ತು 21ನೇ ವರ್ಣತಂತುಗಳ ನಡುವೆ, ಕ್ರಾನಿಕ್ ಮೈಲಾಯ್ಡ್ ಬಗೆಯಲ್ಲಿ 9 ಮತ್ತು 22ರ ನಡುವೆ. ಮನೆಯ ಊಟದ ಮೇಜಿನ ಮೇಲೆ ವರ್ಣತಂತುಗಳ ಫೋಟೋ ಕತ್ತರಿಸಿ ಜೋಡಿಸುತ್ತಿದ್ದ ಅಮ್ಮನನ್ನು ಕಂಡು ಮಕ್ಕಳು ಕಾಗದದ ಗೊಂಬೆಯಾಟ ಎಂದು ರೇಗಿಸುತ್ತಿದ್ದರಂತೆ. ನಾಲ್ಕು ವರ್ಷಗಳ ನಂತರ 15 ಮತ್ತು 17ರ ಅದಲುಬದಲನ್ನೂ ಅವರೇ ತೋರಿಸಿದರು.

ಈ 15–17ರ ಕಥೆ ಸ್ವಲ್ಪ ನಿಂತು ಕೇಳುವಂಥದ್ದು. ಈ ದೋಷವಿರುವ, ಎಪಿಎಲ್ ಎಂಬ ಅಕ್ಯೂಟ್ ಮೈಲಾಯ್ಡ್ ಬಗೆ ಒಂದು ಕಾಲಕ್ಕೆ ಎಲ್ಲಕ್ಕಿಂತ ಭಯಂಕರ. ರಕ್ತಸ್ರಾವದಿಂದ ದಿನಗಳಲ್ಲೇ ಜೀವ ಹೋಗುತ್ತಿತ್ತು. ಎರಡು ಜೀನ್‌ಗಳು ಬೆಸೆದು ಹುಟ್ಟುವ ಪಿಎಂಎಲ್-ರಾರಾ ಎಂಬ ದೋಷ ಬಿಳಿ ಕಣಗಳನ್ನು ಬಲಿಯಲು ಬಿಡುವುದಿಲ್ಲ. ‘ಎ’ ವಿಟಮಿನ್‌ನಿಂದ ಬಂದ ಆಟ್ರಾ ಮಾತ್ರೆ ಆ ಅಡ್ಡಿಯನ್ನು ತೆಗೆದು ಕಣಗಳನ್ನು ಬಲಿಯಿಸುತ್ತದೆ. 1980ರ ದಶಕದಲ್ಲಿ ಶಾಂಘೈನ ವಾಂಗ್ ಝೆನ್‌ಯಿ ಇದನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಜೊತೆಗೆ ಸೇರಿದ್ದು, ನಂಬಿ, ಪಾಷಾಣ! ಆರ್ಸೆನಿಕ್ ಟ್ರೈಆಕ್ಸೈಡ್. ಇವೆರಡರಿಂದ ಇಂದು ಅಪಾಯ ಕಡಿಮೆಯಿರುವ ಎಪಿಎಲ್ ರೋಗಿಗಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಎಪಿಎಲ್ ಎಂಬ ಗುಮಾನಿ ಬಂದ ಕೂಡಲೇ, ಜೀನ್ ರಿಪೋರ್ಟಿಗೂ ಕಾಯದೆ, ವೈದ್ಯರು ಆಟ್ರಾ ಶುರುಮಾಡುವುದು ಆ ರಕ್ತಸ್ರಾವದ ಭಯಕ್ಕೇ.

ಅಕ್ಯೂಟ್ ಲ್ಯುಕೇಮಿಯಾದ ಇನ್ನೊಂದು ಮುಖ್ಯ ಬಗೆಯಾದ ಲಿಂಫಾಯ್ಡ್‌ನಲ್ಲಿ ಎಚ್ಚರ ಬೇರೆ ಕಡೆ. ಜ್ವರ, ಗಂಟು ಎಂದು ಯಾರೋ ಬರೆದುಕೊಟ್ಟ ಸ್ಟೀರಾಯ್ಡ್ ನುಂಗಿ ಬಂದರೆ ಬ್ಲಾಸ್ಟ್‌ಗಳು ತಾತ್ಕಾಲಿಕವಾಗಿ ಕರಗಿಹೋಗಿ ಪರೀಕ್ಷೆಗೆ ಸಿಗದೇ ಹೋಗಬಹುದು. ನನ್ನ ಮಟ್ಟಿಗೆ, ಮೆಡಿಕಲ್ ಶಾಪಿನ ಕಟ್ಟೆಯಲ್ಲಿ ನಡೆಯುವ ವೈದ್ಯಕ್ಕೆ ಹೆದರಲು ಇದೊಂದೇ ಕಾರಣ ಸಾಕು.

ಮಕ್ಕಳ ಲಿಂಫಾಯ್ಡ್ ಬಗೆಯಲ್ಲಿ ಕಾಣುವ 12–21ರ ಅದಲುಬದಲು ಸಾಮಾನ್ಯ ಕ್ಯಾರಿಯೋಟೈಪ್‌ನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಫಿಶ್ ಅಥವಾ ಪಿಸಿಆರ್ ಬೇಕು. ಇದು ಸಿಕ್ಕರೆ ಒಳ್ಳೆಯ ಸುದ್ದಿ, ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ಬಗೆ.

ಮಜ್ಜೆಯಲ್ಲಿ ಬ್ಲಾಸ್ಟ್ ಶೇ. 20 ದಾಟಿದರೆ ಅಕ್ಯೂಟ್ ಮೈಲಾಯ್ಡ್ ಎನ್ನುವುದು ಹಳೆಯ ಲೆಕ್ಕ. 8–21 ಅಥವಾ 15–17 ದೋಷ ಕಂಡರೆ, ಅಷ್ಟಿಲ್ಲದಿದ್ದರೂ ಅಕ್ಯೂಟ್ ಎಂದೇ ಎಣಿಕೆ.

“ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದಕ್ಕೆ ಮಗುವಿಗೆ ಹೀಗಾಯ್ತು” ಎಂದು ತಾಯಿಯನ್ನು ಚುಚ್ಚುವವರು ನಮ್ಮಲ್ಲಿದ್ದಾರೆ. ಲ್ಯುಕೇಮಿಯಾದ ಬಹುಪಾಲು ಜೀನ್ ದೋಷಗಳು ಅಪ್ಪ-ಅಮ್ಮನಿಂದ ಬಂದವಲ್ಲ, ರಕ್ತ ತಯಾರಿಸುವ ಒಂದು ಕಣದಲ್ಲಿ ಆಮೇಲೆ ಹುಟ್ಟಿದವು. ಅಪವಾದಗಳಿಲ್ಲದಿಲ್ಲ: ಫ್ಯಾಂಕೋನಿ ಅನೀಮಿಯಾ ಎಂಬ ಅಪರೂಪದ ಆನುವಂಶಿಕ ಕಾಯಿಲೆ ಲ್ಯುಕೇಮಿಯಾಕ್ಕೆ ದಾರಿ ಮಾಡಬಲ್ಲದು, ಹತ್ತಿರದ ಸಂಬಂಧದ ಮದುವೆಗಳಲ್ಲಿ ಅದರ ಸಾಧ್ಯತೆ ಹೆಚ್ಚು.

ಜಗತ್ತಿನಲ್ಲಿ ಪೂರ್ತಿ ಜೀನೋಮ್ ಓದಿಸಿಕೊಂಡ ಮೊದಲ ಕ್ಯಾನ್ಸರ್ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ. 2008ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ.

ಲ್ಯುಕೇಮಿಯಾ ಚಿಕಿತ್ಸೆಗೆಂದು ಅಕ್ಕನ ಮಜ್ಜೆ ಕಸಿಯಾದ ತಮ್ಮನ ರಕ್ತ ಪರೀಕ್ಷಿಸಿದರೆ ವರ್ಣತಂತು ಎಕ್ಸ್‌ಎಕ್ಸ್ ಎಂದು, ಅಂದರೆ ಹೆಣ್ಣೆಂದು, ಬರುತ್ತದೆ. ರಕ್ತದ ಗುಂಪೂ ಅಕ್ಕನದೇ ಆಗುತ್ತದೆ. ಅವನು ಹುಟ್ಟಿನಿಂದ ಹೊತ್ತು ಬಂದ ಜೀನ್ ನೋಡಬೇಕೆಂದರೆ ಚರ್ಮದ ಚೂರು ತೆಗೆದು ಬೆಳೆಸಿ ನೋಡಬೇಕು.