ಮುರಿದ ಬೋಲ್ಟು, ಸವೆದ ತಿರುಪು: ಒಂದು ದುರಸ್ತಿಯ ವಿವೇಚನೆ

ದ್ವಿಚಕ್ರ ವಾಹನವೆಂಬುದು ನೂರಾರು ಬಿಡಿಭಾಗಗಳ ಒಕ್ಕೂಟ. ಆ ಒಕ್ಕೂಟವನ್ನು ಬಿಗಿಹಿಡಿದಿರುವುದು ಬೋಲ್ಟು ಎಂಬ ಅಲ್ಪವಸ್ತು. ಅದು ಸುಸ್ಥಿತಿಯಲ್ಲಿರುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮುರಿದು ಅರ್ಧ ಭಾಗ ಎಂಜಿನ್ನಿನ ಒಳಗೇ ಉಳಿದಾಗ ಮಾತ್ರ ಅದರ ಮಹತ್ವ ಮನವರಿಕೆಯಾಗುತ್ತದೆ. ಕೆಲವೇ ರೂಪಾಯಿಯ ಬೋಲ್ಟನ್ನು ತೆಗೆಯಹೋಗಿ ಸಾವಿರಾರು ರೂಪಾಯಿಯ ಎರಕದ ಭಾಗವನ್ನು ಹಾಳುಮಾಡಿಕೊಂಡವರು ಹಲವರು. ಆದುದರಿಂದ ಈ ವಿದ್ಯೆಯ ಕ್ರಮವನ್ನು ಕನ್ನಡದಲ್ಲಿ ವಿಶದಪಡಿಸುವುದು ಉಪಯುಕ್ತವೆಂದು ಭಾವಿಸುತ್ತೇನೆ. ಬೋಲ್ಟಿನ ಮೈಮೇಲೆ ಸುರುಳಿಯಾಗಿ ಏರುವ ಏಣನ್ನು ಯಂತ್ರಶಾಲೆಗಳಲ್ಲಿ ಥ್ರೆಡ್ ಎನ್ನುತ್ತಾರೆ. ಇಲ್ಲಿ ಅದನ್ನು ತಿರುಪಿನ ಎಳೆ ಎಂದು ಕರೆಯೋಣ.

ಮೊದಲು ಕಾರಣವನ್ನರಿಯಬೇಕು. ಎಂಜಿನ್ನಿನ ಕವಚ ಸಾಮಾನ್ಯವಾಗಿ ಅಲ್ಯೂಮಿನಿಯಮ್ ಮಿಶ್ರಲೋಹದ್ದು, ಬೋಲ್ಟು ಉಕ್ಕಿನದು. ಈ ಎರಡು ಭಿನ್ನ ಲೋಹಗಳ ನಡುವೆ ನೀರಿನ ತೇವ ಸೇರಿದರೆ ವಿದ್ಯುದ್ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಮ್ ಕ್ಷಯಿಸುತ್ತದೆ. ಹೀಗೆ ಹುಟ್ಟಿದ ಬಿಳಿಯ ಪುಡಿ ಮೂಲಲೋಹಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸಿ ಎಳೆಗಳ ಸಂದಿನಲ್ಲಿ ಬೆಣೆಯಂತೆ ಕೂರುತ್ತದೆ. ಹೊಗೆಕೊಳವೆಯ ಬಳಿಯ ಬೋಲ್ಟುಗಳಿಗಂತೂ ಕಾವು ಮತ್ತು ತುಕ್ಕು ಎರಡರ ಬಾಧೆಯೂ ಉಂಟು. ಇಂತಹ ಬೋಲ್ಟಿನ ಮೇಲೆ ಬಲಪ್ರಯೋಗ ಮಾಡಿದರೆ ತಿರುಗುವ ಬದಲು ಅದು ತುಂಡಾಗುವುದು ಸಹಜ.

ತುಂಡಾದ ಬೋಲ್ಟಿನ ತುದಿ ಸ್ವಲ್ಪವಾದರೂ ಹೊರಗಿದ್ದರೆ ಅದು ಸುದೈವ. ಒಳಕ್ಕಿಳಿಯುವ ಎಣ್ಣೆಯನ್ನು ಸವರಿ ಕೆಲವು ಗಂಟೆ, ಸಾಧ್ಯವಾದರೆ ಒಂದು ರಾತ್ರಿ, ಬಿಡಬೇಕು. ಅನಂತರ ಬಿಗಿಯಿಕ್ಕಳದಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ಆಡಿಸಬೇಕು. ಸಡಿಲವಾಗದಿದ್ದರೆ ಶಾಖದ ಸಹಾಯವಿದೆ. ಒಂದೇ ಪ್ರಮಾಣದ ಕಾವಿಗೆ ಅಲ್ಯೂಮಿನಿಯಮ್ ಉಕ್ಕಿಗಿಂತ ಸುಮಾರು ಇಮ್ಮಡಿ ಹಿಗ್ಗುತ್ತದೆ. ಆದುದರಿಂದ ಬೋಲ್ಟಿನ ಸುತ್ತಲ ಕವಚವನ್ನು ಕಾಯಿಸಿದರೆ ರಂಧ್ರ ಹಿಗ್ಗಿ ಹಿಡಿತ ಸಡಿಲುತ್ತದೆ. ಆದರೆ ಪೆಟ್ರೋಲ್ ತೊಟ್ಟಿಯನ್ನು ಮೊದಲೇ ಕಳಚಿ ದೂರವಿಡತಕ್ಕದ್ದು. ಎಣ್ಣೆಯ ಜಿಡ್ಡನ್ನೂ ಒರೆಸತಕ್ಕದ್ದು. ಇನ್ನೊಂದು ಉಪಾಯವೆಂದರೆ, ತುಂಡಿನ ಮೇಲೆ ನಟ್ಟೊಂದನ್ನಿಟ್ಟು ಅದರ ನಡುವೆ ಬೆಸುಗೆ ಹಾಕಿ, ಅದು ಆರಿದಮೇಲೆ ಸ್ಪ್ಯಾನರಿನಿಂದ ತಿರುಗಿಸುವುದು. ಬೆಸುಗೆಗೆ ಮುಂಚೆ ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಬೇಕು.

ತುಂಡು ರಂಧ್ರದೊಳಗೇ ಅಡಗಿದ್ದರೆ ಕೊರೆಯದೆ ಗತ್ಯಂತರವಿಲ್ಲ. ಇಲ್ಲಿ ಸಮಸ್ತವೂ ಮೊದಲ ಗುರುತನ್ನು ಅವಲಂಬಿಸಿದೆ. ತುಂಡಿನ ಮುಖವನ್ನು ಸಮತಟ್ಟು ಮಾಡಿ, ನಡುಮಧ್ಯದಲ್ಲಿ ಪಂಚಿನಿಂದ ಚುಕ್ಕೆ ಹೊಡೆಯಬೇಕು. ಉಕ್ಕು ಗಡುಸು, ಅಲ್ಯೂಮಿನಿಯಮ್ ಮೃದು. ಕೊರೆಯುವ ಅಲಗು ಮಧ್ಯ ತಪ್ಪಿದರೆ ಮೃದುವಾದ ಕಡೆಗೆ ಜಾರಿ ಕವಚವನ್ನೇ ಕೊರೆದುಬಿಡುತ್ತದೆ. 6 ಮಿ.ಮೀ. ಬೋಲ್ಟಾದರೆ ಮೊದಲು 3 ಮಿ.ಮೀ. ಅಲಗಿನಿಂದ ಆರಂಭಿಸುವುದು ಕ್ಷೇಮ. ಎಡಮುರಿಯ ಅಲಗು ದೊರೆತರೆ ಇನ್ನೂ ಲೇಸು. ಅದು ತಿರುಗುವ ದಿಕ್ಕು ಬೋಲ್ಟು ಬಿಚ್ಚುವ ದಿಕ್ಕೇ ಆದ್ದರಿಂದ ಎಷ್ಟೋ ವೇಳೆ ತುಂಡು ತಾನಾಗಿ ಹೊರಬರುತ್ತದೆ.

ಹೀಗೆ ಕೊರೆದ ತೂತಿಗೆ ವಿರುದ್ಧ ಸುರುಳಿಯ ಎಕ್ಸ್‌ಟ್ರಾಕ್ಟರ್ ಎಂಬ ಸಲಕರಣೆಯನ್ನು ಇಳಿಸಿ ತಿರುಗಿಸುವ ವಾಡಿಕೆಯೂ ಉಂಟು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ ಸಲಕರಣೆ ಬಹು ಗಡುಸಾದ, ಅಷ್ಟೇ ಪೆಡಸಾದ ಉಕ್ಕಿನದು. ಅದು ಒಳಗೆ ಮುರಿದರೆ ಸಾಮಾನ್ಯ ಅಲಗು ಅದನ್ನು ಕೊರೆಯಲಾರದು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತಿದ ಗಾದೆಯಂತೆ ಆಗುತ್ತದೆ. ಬೋಲ್ಟು ಮುರಿದದ್ದೇ ಬಿಗಿ ಹೆಚ್ಚಿ ಎಂದಾದರೆ, ಅದಕ್ಕಿಂತ ಸಣ್ಣದಾದ ಸಲಕರಣೆ ಆ ಬಿಗಿಯನ್ನು ಗೆಲ್ಲುವುದೆಂದು ನಂಬುವುದು ಹೇಗೆ? ಅಂತಹ ಸಂದರ್ಭದಲ್ಲಿ ಹಂತಹಂತವಾಗಿ 5 ಮಿ.ಮೀ.ವರೆಗೆ ಕೊರೆದು, ಉಳಿದ ತೆಳುವಾದ ಸುರುಳಿಯನ್ನು ಮೊನೆಯಿಂದ ಕಿತ್ತು ತೆಗೆಯುವುದೇ ಉಚಿತ.

ಇನ್ನು ಎಳೆಗಳ ಜೀರ್ಣೋದ್ಧಾರ. ಎಳೆಗಳು ಮಲಿನವಾಗಿದ್ದರೆ, ಅಥವಾ ಒಂದೆರಡು ಮಾತ್ರ ಬಾಗಿದ್ದರೆ, ಅದೇ ಅಳತೆಯ ಟ್ಯಾಪನ್ನು ಎಣ್ಣೆ ಹಾಕಿ ಕೈಯಿಂದ ಇಳಿಸಿದರೆ ಸಾಕು. ಮುಂದಕ್ಕೆ ಅರ್ಧ ಸುತ್ತು, ಹಿಂದಕ್ಕೆ ಕಾಲು ಸುತ್ತು ಎಂಬ ಕ್ರಮದಿಂದ ಪುಡಿ ಕಳಚಿಕೊಳ್ಳುತ್ತದೆ. ಪೂರ್ಣ ಸವೆದುಹೋಗಿದ್ದರೆ ತಂತಿಸುರುಳಿಯ ಒಳಸೇರಿಕೆ ಉತ್ತಮ ಪರಿಹಾರ. 6 ಮಿ.ಮೀ. ಬೋಲ್ಟಿಗಾದರೆ ರಂಧ್ರವನ್ನು ಸುಮಾರು 6.3 ಮಿ.ಮೀ.ಗೆ ಹಿಗ್ಗಿಸಿ, ಅದಕ್ಕೆಂದೇ ಇರುವ ಟ್ಯಾಪಿನಿಂದ ಎಳೆ ಕೊರೆದು, ತುಕ್ಕುಹಿಡಿಯದ ಉಕ್ಕಿನ ಸುರುಳಿಯನ್ನು ಮೇಲ್ಮೈಗಿಂತ ಕಾಲು ಅಥವಾ ಅರ್ಧ ಸುತ್ತು ಕೆಳಗೆ ಕೂರಿಸಬೇಕು. ಅದರ ಬಾಲವನ್ನು ಮುರಿದು ತಪ್ಪದೆ ಹೊರತೆಗೆಯಬೇಕು. ಸರಿಯಾಗಿ ಕೂತ ಸುರುಳಿ ಮೊದಲಿನ ಅಲ್ಯೂಮಿನಿಯಮ್ ಎಳೆಗಿಂತಲೂ ದೃಢವಾದುದು.

ಎಳೆಯ ಜಾತಿಯನ್ನು ಗುರುತಿಸುವುದೂ ಮುಖ್ಯ. ಎಳೆಗಳ ಅಳತೆಗೆ ಏಕರೂಪತೆಯಿರಬೇಕೆಂದು ಜೋಸೆಫ್ ವಿಟ್‌ವರ್ಥ್ 1841ರಲ್ಲಿ ಇಂಗ್ಲೆಂಡಿನಲ್ಲಿ ಪ್ರತಿಪಾದಿಸಿದನು; ಆತನ ಎಳೆಯ ಕೋನ 55 ಅಂಶ. ಇಂದಿನ ಮೆಟ್ರಿಕ್ ಎಳೆಯದು 60 ಅಂಶ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ವಾಹನಗಳು ಝೆಕ್ ಮೂಲದವಾದ್ದರಿಂದ ಮೆಟ್ರಿಕ್ ಪದ್ಧತಿಯವು. ಹಳೆಯ ಬುಲೆಟ್‌ಗಳಲ್ಲಿ ಬ್ರಿಟಿಷ್ ಎಳೆಗಳು ಕಾಣಸಿಗುತ್ತವೆ. ಅಂಗುಲಕ್ಕೆ 26 ಎಳೆಗಳುಳ್ಳ ಕಾಲಂಗುಲದ ಬೋಲ್ಟಿನ ಎಳೆಗಳ ಅಂತರ 0.98 ಮಿ.ಮೀ.; 6 ಮಿ.ಮೀ. ಬೋಲ್ಟಿನದು 1 ಮಿ.ಮೀ. ಹೀಗಾಗಿ ಒಂದರ ರಂಧ್ರಕ್ಕೆ ಮತ್ತೊಂದು ಸಲೀಸಾಗಿ ಇಳಿಯುತ್ತದೆ. ಆದರೆ ದಪ್ಪ ಕಡಿಮೆಯಿರುವುದರಿಂದ ಬಿಗಿ ನಿಲ್ಲದೆ ಎಳೆಗಳು ಕಿತ್ತುಬರುತ್ತವೆ. ಸುಲಭವಾಗಿ ಒಳಸೇರಿದ್ದೆಲ್ಲ ಸರಿಯಾದುದಲ್ಲ.

ಕಡೆಯದಾಗಿ ಬಿಗಿಯುವ ಮಿತಿ. 8.8 ದರ್ಜೆಯ 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್-ಮೀಟರ್ ಸಾಕು; ಎಂದರೆ 10 ಸೆಂ.ಮೀ. ಸ್ಪ್ಯಾನರಿನ ತುದಿಗೆ 10 ಕಿ.ಗ್ರಾಂ. ತೂಗಿಸಿದಷ್ಟು. ತಯಾರಕರ ಕೈಪಿಡಿ ಬೇರೆ ಅಂಕೆ ಹೇಳಿದ್ದರೆ ಅದೇ ಪ್ರಮಾಣ. ಬ್ರೇಕು, ಚಕ್ರದ ಅಚ್ಚು, ಹ್ಯಾಂಡಲ್ ಇವುಗಳ ಎಳೆ ಕೆಟ್ಟಿದ್ದರೆ ಅಂಟು ತುಂಬುವುದಾಗಲಿ, ದಪ್ಪ ಬೋಲ್ಟನ್ನು ತುರುಕುವುದಾಗಲಿ ಸರ್ವಥಾ ಸಲ್ಲದು. ಅಲ್ಲಿ ಪಣಕ್ಕಿರುವುದು ಲೋಹವಲ್ಲ, ಸವಾರನ ಪ್ರಾಣ. ಅನುಭವಿ ಯಂತ್ರಶಿಲ್ಪಿಯ ಕೈಗೆ ಅದನ್ನೊಪ್ಪಿಸಿ, ಅಗತ್ಯವಾದರೆ ಭಾಗವನ್ನೇ ಬದಲಿಸುವುದು ವಿವೇಕ.

ಗ್ಯಾರೇಜಿನ ಮಸಿಗೈಯಲ್ಲಿ ನಡೆಯುವ ಈ ಕೆಲಸಕ್ಕೂ ಶಾಸ್ತ್ರವಿದೆ, ಕ್ರಮವಿದೆ, ಸಂಯಮವಿದೆ. ಅದನ್ನರಿತವನನ್ನು ವಿದ್ಯಾವಂತನೆಂದು ಗೌರವಿಸುವುದು, ಅದನ್ನು ಕಲಿಯಬಯಸುವ ಬಾಲಕನ ಕೈಗೆ ಒಳ್ಳೆಯ ಸಲಕರಣೆ ಕೊಡುವುದು ನಮ್ಮೆಲ್ಲರ ಕರ್ತವ್ಯ.