ಕಪ್ಪಗಿದ್ದದ್ದೆಲ್ಲ ಬೀಟೆಯಲ್ಲ

ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಹುಮನಾಬಾದ್ ದಾಟಿ ಮುಂದೆ ಹೋದರೆ ಮನ್ನಾಏಖೇಳ್ಳಿ. ಈ ಸೀಮೆಯ ಕಟ್ಟಿಗೆ ಅಡ್ಡೆಗಳಲ್ಲಿ ಬೇವು, ಜಾಲಿ, ಹುಣಸೆ, ಮಾವು ಒಂದರ ಮೇಲೊಂದು ಬಿದ್ದಿರುತ್ತವೆ. ಎಲೆ ಉದುರಿ, ತೊಗಟೆ ಸುಲಿದು, ಕೊಯ್ದಿಟ್ಟ ಮೇಲೆ ಯಾವುದು ಯಾವುದೆಂದು ಹೇಳುವುದು ಅಡ್ಡೆಯವರಿಗೂ ಸುಲಭವಲ್ಲ. ಲೇತಿನಲ್ಲಿ ಮರದ ಪೆನ್ನು ಕಡೆಯುವ ಹವ್ಯಾಸಿಗೆ ಇಂಥ ರಾಶಿಯೇ ಖಜಾನೆ. ಒಂದು ಪೆನ್ನಿಗೆ ಐದು ಇಂಚು ಉದ್ದ, ಮುಕ್ಕಾಲು ಇಂಚು ದಪ್ಪದ ತುಂಡು ಸಾಕು. ನೇರಳೆ ಛಾಯೆಯ ಕಡುಕಂದು ತುಂಡೊಂದು ಕೈಗೆ ಸಿಕ್ಕರೆ ಬೀಟೆಯೇ ಸಿಕ್ಕಿತೆಂದು ಮನಸ್ಸು ಹಿಗ್ಗುತ್ತದೆ. ಆದರೆ ಬೀದರ ಬಯಲಿನಲ್ಲಿ ಅದು ಹುಣಸೆಯಾಗಿರುವ ಸಂಭವವೇ ಹೆಚ್ಚು.

ಹುಣಸೆಯ ಕಾಂಡದಲ್ಲಿ ಮುಕ್ಕಾಲು ಪಾಲು ಮಾಸಲು ಹಳದಿ. ವಯಸ್ಸಾದ ಮರದ ನಡುವೆ ಮಾತ್ರ ಅಂಕುಡೊಂಕಾದ ಅಂಚಿನ, ಚಿಕ್ಕದಾದ, ಕಡುನೇರಳೆ–ಕಂದು ಚೇಗು ಇರುತ್ತದೆ. ನೀರು ಸಾಗಿಸುವ ಕೆಲಸ ಮುಗಿಸಿದ ಹಳೆಯ ಕೋಶಗಳಲ್ಲಿ ಮರ ಟ್ಯಾನಿನ್, ಅಂಟು, ಬಣ್ಣದ ರಾಸಾಯನಿಕಗಳನ್ನು ತುಂಬುತ್ತದೆ. ಚೇಗಿನ ಬಣ್ಣ ಬರುವುದು ಅದರಿಂದ. ಮರದ ವಯಸ್ಸು, ಮಣ್ಣು, ಬಿಸಿಲು ಬಣ್ಣವನ್ನು ಬದಲಿಸುತ್ತವೆ. ಹಾಗಾಗಿ ಪೆನ್ನು ಕೊಳ್ಳುವವರು ಮೊದಲು ನೋಡುವ ಬಣ್ಣವೇ ಮರ ಗುರುತಿಸುವವರಿಗೆ ಎಲ್ಲಕ್ಕಿಂತ ದುರ್ಬಲ ಸಾಕ್ಷಿ.

ನಂಬಬೇಕಾದದ್ದು ತುಂಡಿನ ತುದಿಯನ್ನು. ಹೊಸ ಬ್ಲೇಡಿನಿಂದ ಅಡ್ಡಕ್ಕೆ ನವಿರಾಗಿ ಒಂದು ಪದರ ಹೆರೆದು, ಒಂದು ಹನಿ ನೀರು ಸವರಿ, ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಬೇಕು. ಗರಗಸದಲ್ಲಿ ಕೊಯ್ದ ತುದಿ ಬೇಡ. ಅಲ್ಲಿ ಎಳೆಗಳು ಹರಿದು ಎಲ್ಲವೂ ಕಲಸಿಹೋಗಿರುತ್ತದೆ. ಕಾಣುವ ಸಣ್ಣ ತೂತುಗಳು ಮರ ನೀರೇರಿಸಿದ ಕೊಳವೆಗಳು. ಅವುಗಳ ಸುತ್ತ ತಿಳಿಬಣ್ಣದ ಮೃದು ಕೋಶಗಳಿರುತ್ತವೆ. ನಡುವಿನಿಂದ ಹೊರಕ್ಕೆ ಹಾಯುವ ನೂಲಿನಂಥ ಗೆರೆಗಳಿಗೆ ಕಿರಣಗಳೆಂದು ಹೆಸರು. ಬೀಟೆಯಲ್ಲಿ ಮೃದು ಕೋಶಗಳು ತೂತಿನಿಂದ ತೂತಿಗೆ ಅಲೆಯಲೆಯಾದ ಸಪೂರ ಪಟ್ಟೆ ಎಳೆಯುತ್ತವೆ. ಉದ್ದ ಕೊಯ್ತದ ಮುಖದಲ್ಲಿ ಕಿರಣಗಳು ಸಾಲುಸಾಲಾಗಿ ಜೋಡಣೆಗೊಂಡು, ಮರಳಿನ ಮೇಲೆ ಗಾಳಿ ಬಿಟ್ಟ ಗುರುತಿನಂತೆ ನವಿರಾದ ಅಡ್ಡಗೆರೆಗಳು ಮೂಡುತ್ತವೆ. ಹುಣಸೆಯಲ್ಲಿ ಮೃದು ಕೋಶಗಳು ಹೆಚ್ಚಾಗಿ ತೂತಿನ ಸುತ್ತಲೇ ಬಳೆ ಕಟ್ಟಿ ನಿಲ್ಲುತ್ತವೆ.

ಇದೇ ಮಸೂರ ಬೇವು, ಹುಚ್ಚುಬೇವಿನ ಜಗಳವನ್ನೂ ಬಿಡಿಸುತ್ತದೆ. ಎರಡೂ ಒಂದೇ ಕುಟುಂಬದವು, ಕೆಂಪು ಚೇಗಿನವು. ಬೇವಿನ ತೂತುಗಳು ಎಲ್ಲೆಡೆ ಚದುರಿರುತ್ತವೆ. ಹುಚ್ಚುಬೇವಿನಲ್ಲಿ ದೊಡ್ಡ ತೂತುಗಳು ಬೆಳವಣಿಗೆಯ ಉಂಗುರದ ಆರಂಭದಲ್ಲೇ ಸಾಲುಗಟ್ಟುತ್ತವೆ. ಎಲೆ ಉದುರಿಸಿ ನಿಂತ ಮರ ಮತ್ತೆ ಚಿಗುರುವಾಗ ಒಮ್ಮೆಲೇ ಹೆಚ್ಚು ನೀರು ಬೇಕು, ಅದಕ್ಕೆ ಅಗಲ ಕೊಳವೆ. ಸಾಗವಾನಿಯದೂ ಇದೇ ರೀತಿ.

ತೂಕದ ಲೆಕ್ಕ ಸರಳ. 12.5 ಸೆಂ.ಮೀ. ಉದ್ದ, 2 ಸೆಂ.ಮೀ. ಚದರದ ತುಂಡಿನ ಗಾತ್ರ 50 ಘನ ಸೆಂ.ಮೀ. ಚೆನ್ನಾಗಿ ಒಣಗಿದ ಸಾಗವಾನಿಯಾದರೆ ಸುಮಾರು 33 ಗ್ರಾಂ, ಬೀಟೆಯಾದರೆ 40ರ ಮೇಲೆ. 50 ದಾಟಿದರೆ ನೀರಲ್ಲಿ ಮುಳುಗುತ್ತದೆ. ಆಗ ಕಮರ ಅಥವಾ ರಕ್ತಚಂದನ ನೆನಪಾಗಬೇಕು. ಆದರೂ ಹಳೆಯ ಹುಣಸೆ ಚೇಗು ಕೂಡ ಮುಳುಗಬಹುದು, ಆದ್ದರಿಂದ ತೂಕ ಒಂದನ್ನೇ ನೆಚ್ಚಿ ತೀರ್ಪು ಕೊಡಬಾರದು. ಹೊನ್ನೆಗೆ ಮಾತ್ರ ಒಂದು ಚೆಂದದ ಪರೀಕ್ಷೆಯಿದೆ: ಹೊಟ್ಟನ್ನು ಗಾಜಿನ ಲೋಟದ ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಿಡಿದರೆ ಕಂದು ನೀರಿನ ಅಂಚಿನಲ್ಲಿ ನೀಲಿ ಹೊಳಪು ಕಾಣುತ್ತದೆ.

ಹೆಸರು ತಿಳಿದರೆ ಕೆಲಸಕ್ಕೂ ಅನುಕೂಲ. ಪೆನ್ನಿನ ಮರ ಹಿತ್ತಾಳೆ ಕೊಳವೆಯ ಮೇಲೆ ಒಂದೆರಡು ಮಿಲಿಮೀಟರ್ ದಪ್ಪಕ್ಕೆ ಇಳಿಯುತ್ತದೆ. ಮರ ಕುಗ್ಗುತ್ತದೆ, ಹಿತ್ತಾಳೆ ಜಗ್ಗುವುದಿಲ್ಲ, ಆಗ ಸೀಳು. ಕುಗ್ಗುವುದು ತೀರ ಕಡಿಮೆ ಇರುವ ಬಳ್ಳಾರಿ ಜಾಲಿ ಇಲ್ಲಿ ಗೆಲ್ಲುತ್ತದೆ. ಬೇಲಿ, ಇದ್ದಿಲಿಗಷ್ಟೇ ಎಂದು ಬೈಸಿಕೊಳ್ಳುವ ಆ ಮುಳ್ಳಿನ ಮರದ ಬೆಲೆ ನಮ್ಮವರಿಗೆ ಇನ್ನೂ ತಿಳಿದಿಲ್ಲ ಎಂದೇ ನನ್ನ ಅನಿಸಿಕೆ. ಸಾಗವಾನಿ, ಬೀಟೆಗಳ ಎಣ್ಣೆಯಂಶ ಅಂಟನ್ನು ಹಿಡಿಯಗೊಡುವುದಿಲ್ಲ, ಅಂಟಿಸುವ ಮೊದಲು ಅಸಿಟೋನ್‌ನಿಂದ ಒರೆಸಬೇಕು. ಬೀಟೆಯ ಧೂಳಿನಿಂದ ಕೆಲವರ ಚರ್ಮ ಕೆಂಪಾಗಿ ತುರಿಸುತ್ತದೆ. ಗುರುತು ಸಿಗದ ಮರಕ್ಕೆ ಮಾಸ್ಕ್ ಹಾಕಿಯೇ ಉಳಿ ಹಿಡಿಯಿರಿ.

ಇನ್ನು ಕಾನೂನು. ಬೀಟೆಯೂ ಸೇರಿದ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ 2017ರ ಜನವರಿ 2ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಿವೆ. ರಕ್ತಚಂದನದ ಮೇಲೆ ಅದಕ್ಕೂ ಹಿಂದಿನಿಂದ ಕಣ್ಣಿದೆ. ಹುಣಸೆಯ ಪೆನ್ನಿಗೆ ಬೀಟೆ ಎಂದು ಚೀಟಿ ಅಂಟಿಸಿ ಮಾರುವವರು ಗಿರಾಕಿಗೆ ಮೋಸ ಮಾಡುವುದರ ಜೊತೆಗೆ ತಮ್ಮ ಮೇಲೂ ತೊಂದರೆ ಎಳೆದುಕೊಳ್ಳುತ್ತಾರೆ.

ಮಸೂರಕ್ಕೂ ಬಗ್ಗದ ಮರಕ್ಕೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದದ್ದು 1988ರಲ್ಲಿ ಈ ಸಂಸ್ಥೆಯಾಯಿತು. ಇಂಥ ಪ್ರಯೋಗಾಲಯಗಳಲ್ಲಿ ತುಂಡನ್ನು ಮೆತ್ತಗಾಗಿಸಿ, ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು ತೆಳುವಾಗಿ ಮೂರು ದಿಕ್ಕಿನಿಂದ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಗಲೆಲೆ ಮರಗಳಿಗಾಗಿ 1989ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 163 ಲಕ್ಷಣಗಳಿವೆ. ಇಷ್ಟಾದರೂ ಉತ್ತರ ಹಲವು ಸಲ ಕುಲದ ಹೆಸರಿಗೇ ನಿಲ್ಲುತ್ತದೆ. ಒಂದೇ ಕುಲದ ಅಣ್ಣತಮ್ಮಂದಿರ ಮರ ಒಳಗೆ ಅಷ್ಟು ಹೋಲುತ್ತದೆ.

ಪರೀಕ್ಷೆಗೆ ಕಳಿಸುವುದಾದರೆ ಪಾಲಿಶ್ ಆದ ಪೆನ್ನು ಬೇಡ. ಬಿಳಿ ಭಾಗ, ಚೇಗು ಎರಡೂ ಇರುವ ಉಳಿಕೆ ತುಂಡನ್ನು ಕಳಿಸಿ. ಅದು ಹೊಲದ ಬದುವಿನ ಮರವೋ ಹಳೆಯ ವಾಡೆಯ ತೊಲೆಯೋ ಎಂಬುದನ್ನೂ ಬರೆಯಿರಿ. ತೊಲೆಯಾದರೆ ಅದು ಬರ್ಮಾದ ಸಾಗವಾನಿಯೂ ಆಗಿರಬಹುದು.