ಮಾಲೆ ತೆಗೆದ ಮೇಲಿನ ದಿನಗಳು

ನವೆಂಬರ್ ನಡುವಿನಲ್ಲಿ ವೃಶ್ಚಿಕ ಮಾಸ ಹುಟ್ಟುತ್ತಿದ್ದಂತೆ ಹೊನ್ನಾವರ, ಕುಮಟಾ, ಭಟ್ಕಳದ ಊರುಗಳಲ್ಲಿ ಕಪ್ಪು ಪಂಚೆಯುಟ್ಟ ಅಯ್ಯಪ್ಪ ಮಾಲಾಧಾರಿಗಳು ಕಾಣತೊಡಗುತ್ತಾರೆ. ಬೆಳಕು ಹರಿಯುವ ಮೊದಲೇ ತಣ್ಣೀರ ಸ್ನಾನ, ಶರಣು ಘೋಷ, ಆಮೇಲೆ ಬರಿಗಾಲಲ್ಲೇ ಕೆಲಸಕ್ಕೆ. ರೂಢಿಯ ಪ್ರಕಾರ 41 ದಿನ ಹೆಂಡವಿಲ್ಲ, ಬೀಡಿ-ಗುಟ್ಕಾ ಇಲ್ಲ, ಮೀನೂ ಇಲ್ಲ. ಬಂಗಡೆ ಸಾರಿಲ್ಲದಿದ್ದರೆ ಊಟವೇ ಸೇರದ ಕರಾವಳಿಯಲ್ಲಿ ಈ ಕೊನೆಯದು ಸಣ್ಣ ಮಾತಲ್ಲ.

ಇವರಲ್ಲೊಬ್ಬ ಜನವರಿ ಒಂದಕ್ಕೆ ಒಬ್ಬನೇ ಕೂತು ಕುಡಿತ ಬಿಡುತ್ತೇನೆಂದು ನಿಶ್ಚಯಿಸಿದ್ದರೆ? ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ನಾರ್‌ಕ್ರಾಸ್ ಮತ್ತು ಸಂಗಡಿಗರು ಹೊಸವರ್ಷದ ಸಂಕಲ್ಪ ಮಾಡಿದ 200 ಜನರನ್ನು ಎರಡು ವರ್ಷ ಹಿಂಬಾಲಿಸಿ 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ವಾರ ದಾಟಿದವರು ಶೇ. 77. ಎರಡು ವರ್ಷದ ಕೊನೆಗೆ ಉಳಿದವರು ಶೇ. 19.

ವ್ರತ ಮುರಿಯದೆ ನಿಲ್ಲುವುದಕ್ಕೆ ಭಕ್ತಿಯೇ ಮೊದಲ ಕಾರಣ. ಅದರ ಜೊತೆಗೆ ವ್ರತದ ಕಟ್ಟುಪಾಡನ್ನೂ ನೋಡಬೇಕು. ಯಾವಾಗ, ಎಲ್ಲಿ, ಏನು ಮಾಡಬೇಕೆಂಬುದು ಮೊದಲೇ ಗೊತ್ತಾಗಿದ್ದರೆ ಸಂಕಲ್ಪ ಈಡೇರುವ ಸಾಧ್ಯತೆ ಹೆಚ್ಚು ಎಂದು ಪೀಟರ್ ಗೋಲ್‌ವಿಟ್ಜರ್ ಮತ್ತು ಪ್ಯಾಸ್ಕಲ್ ಶೀರನ್ 2006ರಲ್ಲಿ 94 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ತೋರಿಸಿದ್ದಾರೆ. ಮಾಲೆ ಹಾಕಿದವನು ಇದನ್ನೆಲ್ಲ ಹೊಸದಾಗಿ ಯೋಚಿಸಬೇಕಾಗಿಲ್ಲ. ಸಂಜೆ ಏಳರ ಹೊತ್ತನ್ನೇ ನೋಡಿ: ಮೊದಲು ಮದ್ಯದಂಗಡಿಯ ಕಡೆ ಕಾಲು ಹೋಗುತ್ತಿದ್ದ ಅದೇ ಗಳಿಗೆಯಲ್ಲಿ ಈಗ ಭಜನೆಗೆ ತಾಳ ಹಿಡಿದು ಕೂರಬೇಕು. ಬಿಟ್ಟ ಜಾಗಕ್ಕೆ ಬೇರೊಂದು ಬಂದು ಕೂತಿದೆ. ಸ್ವೀಡನ್ನಿನಲ್ಲಿ 1,066 ಜನರನ್ನು ಒಂದು ವರ್ಷ ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೂ ಇದಕ್ಕೆ ಹತ್ತಿರದ್ದನ್ನೇ ಹೇಳುತ್ತದೆ: ‘ಇದನ್ನು ಮಾಡುತ್ತೇನೆ’ ಎಂದವರಲ್ಲಿ ಸುಮಾರು ಶೇ. 59 ಜನ ಗೆದ್ದರು, ‘ಇದನ್ನು ಬಿಡುತ್ತೇನೆ’ ಎಂದವರಲ್ಲಿ ಶೇ. 47.

ಇನ್ನು ಜೊತೆಗಾರರು. ಹಲವು ಸಲ ಶಬರಿಮಲೆ ಹತ್ತಿದ ಗುರುಸ್ವಾಮಿ, ಮೊದಲ ಸಲದ ಕನ್ನಿಸ್ವಾಮಿ, ನಡುವೆ ಒಂದೇ ಚಪ್ಪರದಡಿ ಅಡುಗೆ ಮಾಡಿ ಉಣ್ಣುವ ಹತ್ತಾರು ಮಂದಿ. ಒಬ್ಬ ಸಂಜೆಯ ಪೂಜೆಗೆ ಬಾರದಿದ್ದರೆ ಉಳಿದವರು ಅವನ ಮನೆಗೇ ವಿಚಾರಿಸಲು ಹೋಗುತ್ತಾರೆ. ತೂಕ ಇಳಿಸುವ ಕಾರ್ಯಕ್ರಮವೊಂದರಲ್ಲಿ ರೀನಾ ವಿಂಗ್ ಮತ್ತು ರಾಬರ್ಟ್ ಜೆಫ್ರಿ ಇಂಥ ಬಲವನ್ನು ಅಳೆದಿದ್ದರು (1999). ಒಂಟಿಯಾಗಿ ಸೇರಿ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಇಳಿದ ತೂಕವನ್ನು ಹಾಗೇ ಉಳಿಸಿಕೊಂಡವರು ಶೇ. 24, ಮೂವರು ಗೆಳೆಯರೊಂದಿಗೆ ಬಂದು ಪರಸ್ಪರ ನೆರವಿನ ತರಬೇತಿಯನ್ನೂ ಪಡೆದವರಲ್ಲಿ ಶೇ. 66.

ಆದರೆ ಮಾಲೆ ತೆಗೆದ ವಾರದಲ್ಲೇ ಚಪ್ಪರವೂ ಬಿಚ್ಚುತ್ತದೆ, ಗುಂಪೂ ಚದುರುತ್ತದೆ. ಕೆಲವರು ಮತ್ತೆ ಬಾಟಲಿ ಹಿಡಿಯುವುದು ಆಗಲೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ 96 ಜನರಲ್ಲಿ ಹೊಸ ಅಭ್ಯಾಸ ಬೇರೂರುವುದನ್ನು ದಿನದಿನವೂ ದಾಖಲಿಸಿದಾಗ ನಡುಮಟ್ಟದ ಅವಧಿ 66 ದಿನ ಬಂತು. ಕೆಲವರಿಗೆ 18 ಸಾಕಾದರೆ ಕೆಲವರಿಗೆ 254 ಬೇಕಿತ್ತು. ಅದು ನೀರು ಕುಡಿಯುವುದು, ವ್ಯಾಯಾಮ ಮಾಡುವುದು ಮುಂತಾದ ಸರಳ ಅಭ್ಯಾಸಗಳ ಲೆಕ್ಕ. ವರ್ಷಗಟ್ಟಲೆಯ ಕುಡಿತ ಅದಕ್ಕಿಂತ ಎಷ್ಟೋ ಗಟ್ಟಿ.

ಈ ಅಪಾಯದ ಕಾಲಕ್ಕೆ ಕರ್ನಾಟಕದಲ್ಲೇ ಒಂದು ವ್ಯವಸ್ಥೆ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ನಡೆಯುವ ಎಂಟು ದಿನಗಳ ಮದ್ಯವರ್ಜನ ಶಿಬಿರ ಮುಗಿದ ಮೇಲೆ ಶಿಬಿರಾರ್ಥಿಗಳು ಊರಿನ ನವಜೀವನ ಸಮಿತಿಗೆ ಸೇರಿ ಮತ್ತೆ ಮತ್ತೆ ಸಭೆ ಕೂಡುತ್ತಾರೆ. ಶಿಬಿರಕ್ಕಿಂತ ಈ ಸಭೆಗಳೇ ದೊಡ್ಡವೆಂದು ಈ ಲೇಖಕನ ಎಣಿಕೆ. ಒಂದು ಎಚ್ಚರಿಕೆಯೂ ಇಲ್ಲಿ ಬೇಕು: ದಿನಾ ವಿಪರೀತ ಕುಡಿಯುವವರು ಮಾಲೆ ಹಾಕಿದ ದಿನವೇ ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಕುತ್ತಾಗಬಹುದು. ಅಂಥವರನ್ನು ಗುರುಸ್ವಾಮಿಗಳು ಮೊದಲು ಡಾಕ್ಟರ ಬಳಿ ಕರೆದೊಯ್ಯಬೇಕು.

ಯಾತ್ರೆಯ ಕಾಲ ಮುಗಿಯುವ ಮಕರ ಸಂಕ್ರಾಂತಿಯಿಂದ ಗೋಕರ್ಣದ ಶಿವರಾತ್ರಿ ತೇರಿಗೆ ನಾಲ್ಕರಿಂದ ಎಂಟು ವಾರ. ಅಲ್ಲಿಯ ತನಕವಾದರೂ ಅದೇ ಸಂಗಡಿಗರು ವಾರಕ್ಕೊಮ್ಮೆ, ಅದೇ ಸಂಜೆ ಏಳಕ್ಕೆ ಸೇರುತ್ತಿದ್ದರೆ, ವ್ರತದ 41 ದಿನವನ್ನೂ ಸೇರಿಸಿ ಎಣಿಸಿದಾಗ, ಲ್ಯಾಲಿಯವರ 66 ದಿನ ಆರಾಮಾಗಿ ದಾಟುತ್ತದೆ. ಖರ್ಚೇನೂ ಇಲ್ಲ, ಊರ ಭಜನಾ ಮಂದಿರದ ಬೀಗದ ಕೈ ಯಾರ ಹತ್ತಿರ ಇದೆಯೆಂದು ಕೇಳಿಟ್ಟುಕೊಂಡರಾಯಿತು.